ಕ್ರೀಡಾಗ್ರಾಮದಲ್ಲಿ ಈಗ ನೋಡುವುದೇನಿದೆ?

ಮಾನ್ಯ ಮಾಸ್ತರರಿಗೆ ಶರಣು.

ಬೀದರಿನಿಂದ ತಾವು ಬರೆದ ಪತ್ರ ತಲುಪಿದೆ. ಮಗಳನ್ನು ಕಾಣಲು ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೊರಟಿದ್ದೀರಿ. ಆಕೆ ಅಲ್ಲಿನ 1972ರ ಒಲಿಂಪಿಕ್ ಕ್ರೀಡಾಗ್ರಾಮವನ್ನು ತೋರಿಸುವೆನೆಂದಿದ್ದಾಳೆ. ಆಟಗಾರರು ತೆರಳಿ ಅರ್ಧ ಶತಮಾನ ಕಳೆದ ಮೇಲೆ ಬರೀ ಮನೆಗಳನ್ನು ನೋಡುವುದೇನಿದೆ, ಜನ ವಾಸವಿರುವ ಓಣಿಗಳಲ್ಲಿ ಪರಸ್ಥರು ಕ್ಯಾಮೆರಾ ಹಿಡಿದು ಅಡ್ಡಾಡುವುದು ತರವೇ ಎಂದು ಕೇಳಿದ್ದೀರಿ.

ಅವಶ್ಯವಾಗಿ ಹೋಗಿರಿ. ನೋಡಬೇಕಾದದ್ದು ಆ ಮನೆಗಳನ್ನೇ. ಆಗಸ್ಟ್ 26ರಿಂದ ಸೆಪ್ಟೆಂಬರ್ 11ರವರೆಗಿನ ಕ್ರೀಡಾಕೂಟಕ್ಕಾಗಿ ಕಟ್ಟಿದ ಊರಾದರೂ, ಮುಂದೆ ಅಲ್ಲಿ ಸಂಸಾರಗಳೂ ವಿದ್ಯಾರ್ಥಿಗಳೂ ಇರಬೇಕೆಂದು ಮೊದಲೇ ಯೋಚಿಸಿಯೇ ನಕ್ಷೆ ಹಾಕಿದ್ದರು. ಮೋಟಾರು ವಾಹನಗಳ ರಸ್ತೆ, ನಿಲುಗಡೆ ಎಲ್ಲವೂ ಕೆಳಗಿನ ಅಂತಸ್ತಿನಲ್ಲಿವೆ. ಮೇಲಿನ ಓಣಿಗಳಲ್ಲಿ ನಡೆಯುವವರದೇ ರಾಜ್ಯ. ಮೆಟ್ಟಿಲು ಮೆಟ್ಟಿಲಾಗಿ ಹಿಂದೆ ಸರಿಯುತ್ತ ಏರುವ ಕಟ್ಟಡಗಳ ಬಾಲ್ಕನಿಗಳಲ್ಲಿ ಗಿಡಬಳ್ಳಿ ಬೆಳೆಸಲು ತೊಟ್ಟಿಗಳನ್ನು ಕಟ್ಟಡದ ಜೊತೆಗೇ ಮಾಡಿದ್ದಾರೆ. ತಲೆಯ ಮೇಲೆ ಹಾಯ್ದುಹೋಗುವ ಬಣ್ಣದ ಕೊಳವೆಗಳು ಆಸ್ಟ್ರಿಯಾದ ವಾಸ್ತುಶಿಲ್ಪಿ ಹಾನ್ಸ್ ಹೊಲೈನ್ ಅವರ ಕಲ್ಪನೆ. ಬಣ್ಣ ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ. ಇಷ್ಟೆಲ್ಲ ಇದ್ದರೂ ಕೂಟ ಮುಗಿದ ಹೊಸದರಲ್ಲಿ ಮನೆಗಳಿಗೆ ಗಿರಾಕಿಗಳಿಲ್ಲದೆ ಅದು ದೆವ್ವದ ಊರೆಂದು ಹೆಸರು ಕೆಡಿಸಿಕೊಂಡಿತ್ತು. ಒಂದು ಊರು ಊರಾಗಲು ಕಟ್ಟಿದವನ ಜಾಣತನವೊಂದೇ ಸಾಲದು, ಇರಲು ಬಂದವರ ಕಾಲವೂ ಬೇಕು ಎಂದು ನನಗೆ ತೋರುವುದು ಇದರಿಂದಲೇ.

ಅಂದಿನ ಮಹಿಳಾ ಕ್ರೀಡಾಪಟುಗಳ ವಸತಿಯನ್ನು ತಪ್ಪದೆ ನೋಡಿರಿ. ವರ್ನರ್ ವಿರ್ಸಿಂಗ್ ರೂಪಿಸಿದ ಸುಮಾರು 800 ಪುಟ್ಟ ಮನೆಗಳು ಕೂಟದ ನಂತರ ವಿದ್ಯಾರ್ಥಿಗಳ ಪಾಲಾದವು. ಕಾಂಕ್ರೀಟ್ ಹಾಳಾದ್ದರಿಂದ ಈ ಶತಮಾನದ ಮೊದಲ ದಶಕದ ಕೊನೆಗೆ ಬಹುಪಾಲನ್ನು ಕೆಡವಿ, ಅದೇ ಮಾದರಿಯಲ್ಲಿ ಇನ್ನಷ್ಟು ಕಿರಿದಾಗಿಸಿ, ಸಾವಿರಕ್ಕೂ ಹೆಚ್ಚು ಮನೆಗಳನ್ನು ಕಟ್ಟಿದ್ದಾರೆ. ಮುಂಗೋಡೆಗೆ ತಮಗಿಷ್ಟವಾದ ಚಿತ್ರ ಬರೆಯುವುದು ಅಲ್ಲಿನ ವಿದ್ಯಾರ್ಥಿಗಳ ರೂಢಿ. (ತಮ್ಮೂರಿನ ಮಹಮೂದ್ ಗವಾನನ ಮದರಸಾ, ಅದೂ ವಿದ್ಯಾರ್ಥಿಗಳು ಉಳಿದು ಕಲಿಯುತ್ತಿದ್ದ ತಾಣವೇ, 1472ರದು, ನಡುವೆ ಸರಿಯಾಗಿ ಐನೂರು ವರ್ಷ.)

ಕ್ಯಾಮೆರಾದ ಮಾತಿಗೆ ಉತ್ತರವೂ ಆ ಮದರಸಾದ ಹತ್ತಿರವೇ ಇದೆ. ಅದನ್ನು ನೋಡಲು ಬಂದವರು ಸುತ್ತಲಿನ ಮನೆಗಳ ಬಾಗಿಲೊಳಗೆ ಕ್ಯಾಮೆರಾ ಚಾಚಿದರೆ ತಮ್ಮ ಓಣಿಯವರಿಗೆ ಹೇಗಾಗುತ್ತದೆಯೋ ಅಲ್ಲಿಯೂ ಹಾಗೆಯೇ. ಓಣಿ ಸಾರ್ವಜನಿಕರದು, ಕಿಟಕಿ ಮನೆಯವರದು.

ಈ ಎಚ್ಚರ ಕೊನೊಲಿ ಬೀದಿಯಲ್ಲಿ ಇನ್ನೂ ಹೆಚ್ಚು ಬೇಕು. 1896ರಲ್ಲಿ ಆಧುನಿಕ ಒಲಿಂಪಿಕ್ಸಿನ ಮೊದಲ ವಿಜೇತನಾದ ಜೇಮ್ಸ್ ಕೊನೊಲಿಯ ಹೆಸರಿನ ಆ ಬೀದಿಯ 31ನೇ ಸಂಖ್ಯೆಯ ಮನೆಗೆ 1972ರ ಸೆಪ್ಟೆಂಬರ್ 5ರ ನಸುಕಿನಲ್ಲಿ ‘ಬ್ಲ್ಯಾಕ್ ಸೆಪ್ಟೆಂಬರ್’ ಗುಂಪಿನ ಎಂಟು ಪ್ಯಾಲೆಸ್ಟೀನಿ ಬಂದೂಕುಧಾರಿಗಳು ನುಗ್ಗಿದರು. ಇಸ್ರೇಲ್ ತಂಡದ ಇಬ್ಬರು ಅಲ್ಲಿಯೇ ಸತ್ತರು. ಒತ್ತೆಯಾಳುಗಳಾಗಿದ್ದ ಒಂಬತ್ತು ಮಂದಿ ಮತ್ತು ಒಬ್ಬ ಜರ್ಮನ್ ಪೊಲೀಸ್, ಫ್ಯೂರ್ಸ್ಟನ್‌ಫೆಲ್ಡ್‌ಬ್ರುಕ್ ವಿಮಾನ ನೆಲೆಯಲ್ಲಿ ನಡೆದ ವಿಫಲ ಬಿಡುಗಡೆ ಕಾರ್ಯಾಚರಣೆಯಲ್ಲಿ ಮಡಿದರು. ಬಾಗಿಲ ಬಳಿ ಹೆಸರುಗಳ ಫಲಕವಿದೆ. ಅಲ್ಲಿ ತುಸು ನಿಂತು ಮುಂದೆ ಸಾಗಿದರೆ ಸಾಕು. ಮೃತರ ಬದುಕನ್ನು ಓದಿ ತಿಳಿಯಲು 2017ರಲ್ಲಿ ಹತ್ತಿರದ ದಿಬ್ಬವನ್ನು ಕೊರೆದು ಸ್ಮಾರಕ ಮಾಡಿದ್ದಾರೆ. ಸಮಯವನ್ನು ಅಲ್ಲಿ ಕೊಡಿರಿ.

ಕೊಡಗಿನ ಎಂ.ಪಿ. ಗಣೇಶ್ ಮತ್ತು ಬಿ.ಪಿ. ಗೋವಿಂದ ಆಡಿದ ಭಾರತದ ಹಾಕಿ ತಂಡ ಕಂಚು ಗೆದ್ದದ್ದೂ ಇದೇ ಕೂಟದಲ್ಲಿ ಎಂಬುದನ್ನು ಮಗಳಿಗೆ ತಾವು ಹೇಳಬಹುದು.

ಯು-3 ಸುರಂಗ ರೈಲಿನಲ್ಲಿ ಒಲಿಂಪಿಯಾತ್ಸೆಂಟ್ರುಮ್ ನಿಲ್ದಾಣಕ್ಕೆ ಇಳಿದರೆ ಗ್ರಾಮ ಎದುರಿಗೇ ಸಿಗುತ್ತದೆ. ಕ್ರೀಡಾಂಗಣದ ಡೇರೆಯಂಥ ಚಾವಣಿಯನ್ನು ಕಂಡ ಮೇಲೆ ಕಾಲು ಸೋತಿರುತ್ತದೆ. ಆದ್ದರಿಂದ ಗ್ರಾಮವನ್ನೇ ಮೊದಲು ನೋಡಿ, ಚಾವಣಿಯನ್ನು ಸಂಜೆಗೆ ಇಟ್ಟುಕೊಳ್ಳಿರಿ.

– ಸಂಪಾದಕ, ಕಲಬುರಗಿ