ಡೆತ್ ವ್ಯಾಲಿಯ ಬಣ್ಣದ ಬೆಟ್ಟಗಳು ಚಿತ್ರದಲ್ಲೇಕೆ ಮಂಕಾಗುತ್ತವೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಡೆತ್ ವ್ಯಾಲಿ ನೋಡಿ ಬಂದೆವು. ಆರ್ಟಿಸ್ಟ್ಸ್ ಪ್ಯಾಲೆಟ್ ಎಂಬಲ್ಲಿ ಕಂಡ ಹಸಿರು, ನೇರಳೆ, ಗುಲಾಬಿ ಬೆಟ್ಟಗಳು ಚಿತ್ರದಲ್ಲಿ ಬೂದು ಬಣ್ಣಕ್ಕೆ ತಿರುಗಿವೆ. ಜಬ್ರಿಸ್ಕಿ ಪಾಯಿಂಟ್‌ನ ಚಿತ್ರಗಳಲ್ಲಿ ದಿಬ್ಬಗಳ ಏರಿಳಿತವೇ ಕಾಣುವುದಿಲ್ಲ. ಎರಡನ್ನೂ ನಡುಹಗಲಿನಲ್ಲಿ ತೆಗೆದಿದ್ದೆ. ಡಿಸೆಂಬರ್‌ನಲ್ಲಿ ಮತ್ತೆ ಹೋಗುವವರಿದ್ದೇವೆ. ಹೊಸ ಲೆನ್ಸ್ ಕೊಳ್ಳಬೇಕೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಲೆನ್ಸ್‌ಗೆ ಹಣ ಹಾಕುವ ಮೊದಲು ಹೊತ್ತನ್ನು ಬದಲಿಸಿ ನೋಡಿ. ನೀವು ಹೆಸರಿಸಿದ ಎರಡು ತಾಣಗಳು ಒಂದೇ ಕಣಿವೆಯಲ್ಲಿದ್ದರೂ ಅವು ಬೇಡುವ ಬೆಳಕು ಬೇರೆ ಬೇರೆ.

ಜಬ್ರಿಸ್ಕಿ ಪಾಯಿಂಟ್‌ನಲ್ಲಿ ಕಾಣುವುದು ಹಲವು ದಶಲಕ್ಷ ವರ್ಷಗಳ ಹಿಂದಿನ ಸರೋವರವೊಂದರ ತಳದಲ್ಲಿ ಶೇಖರವಾದ ಕೆಸರು ಗಟ್ಟಿಯಾಗಿ, ಆಮೇಲೆ ಅಪರೂಪದ ಆದರೆ ರಭಸದ ಮಳೆಗೆ ಕೊರೆದುಹೋಗಿ ಉಳಿದ ಹಳದಿ ದಿಬ್ಬಗಳು. ಇಲ್ಲಿ ಬಣ್ಣಕ್ಕಿಂತ ಆಕಾರ ಮುಖ್ಯ. ಆಕಾರ ಮೂಡಬೇಕಾದರೆ ನೆರಳು ಬೇಕು. ವೀಕ್ಷಣಾ ಸ್ಥಳವು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಸೂರ್ಯ ನಿಮ್ಮ ಬೆನ್ನ ಹಿಂದಿರುತ್ತಾನೆ, ಅದರಲ್ಲೂ ಡಿಸೆಂಬರ್‌ನಲ್ಲಿ ಆಗ್ನೇಯದಲ್ಲಿ ಹುಟ್ಟುವ ಕಾರಣ ಎಡಗಡೆಯಿಂದ ಓರೆಯಾಗಿ ಬೆಳಕು ಚೆಲ್ಲುತ್ತಾನೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲೇ ಟ್ರೈಪಾಡ್ ನಿಲ್ಲಿಸಿಕೊಳ್ಳಿ. ಮೊದಲು ದೂರದ ಪ್ಯಾನಮಿಂಟ್ ಶಿಖರಗಳು ಕೆಂಪಾಗುತ್ತವೆ, ನಂತರ ಮ್ಯಾನ್ಲಿ ಬೀಕನ್ ಎಂಬ ಚೂಪು ಕೋಡಿನ ತುದಿಗೆ ಬಿಸಿಲು ತಾಗುತ್ತದೆ. ಕೋಡು ಬೆಳಗಿ, ಅದರ ಕೆಳಗಿನ ಕೊರಕಲುಗಳು ಇನ್ನೂ ನೀಲಿ ನೆರಳಿನಲ್ಲಿರುವ ಆ ಕೆಲವೇ ನಿಮಿಷಗಳಿಗಾಗಿಯೇ ಜನ ಚಳಿಯಲ್ಲಿ ಕಾದು ನಿಲ್ಲುವುದು.

ಆರ್ಟಿಸ್ಟ್ಸ್ ಪ್ಯಾಲೆಟ್‌ನ ಕಥೆ ಬೇರೆ. ಅದು ಜ್ವಾಲಾಮುಖಿಯಿಂದ ಬಂದ ಶಿಲೆ. ಬಾದಾಮಿಯ ಬಂಡೆಗಳಿಗೆ ಕೆಂಪು ಕೊಟ್ಟ ಕಬ್ಬಿಣದ ಆಕ್ಸೈಡೇ ಇಲ್ಲಿಯ ಕೆಂಪು, ಗುಲಾಬಿಗಳಿಗೂ ಕಾರಣ; ನೇರಳೆ ಮ್ಯಾಂಗನೀಸ್‌ನದು; ಹಸಿರು, ಜ್ವಾಲಾಮುಖಿ ಬೂದಿಯ ಖನಿಜಗಳು ಕಾಲಾಂತರದಲ್ಲಿ ಮಾರ್ಪಟ್ಟು ಬಂದದ್ದು. ಬ್ಲ್ಯಾಕ್ ಮೌಂಟನ್ಸ್ ಎಂಬ ಬೆಟ್ಟಸಾಲಿನ ಪಶ್ಚಿಮದ ಇಳಿಜಾರಾದ್ದರಿಂದ ಮಧ್ಯಾಹ್ನದ ನಂತರ ಹೋಗುವುದು ಸರಿ. ಆದರೆ ಸೂರ್ಯ ಮುಳುಗುವ ಗಳಿಗೆಯ ಹೊಂಬಿಸಿಲಿಗೆ ಕಾಯಬೇಕೆಂಬ ಸಾಮಾನ್ಯ ಸಲಹೆಯನ್ನು ನಾನು ಇಲ್ಲಿ ಒಪ್ಪುವುದಿಲ್ಲ: ಆ ಬೆಳಕು ಎಲ್ಲಕ್ಕೂ ಅರಿಸಿನ ಬಳಿದಂತೆ ಮಾಡಿ ಹಸಿರನ್ನೂ ನೇರಳೆಯನ್ನೂ ನುಂಗಿಬಿಡುತ್ತದೆ. ಅದಕ್ಕಿಂತ ಸ್ವಲ್ಪ ಮೊದಲು, ಅಥವಾ ತೆಳುಮೋಡ ಕವಿದಾಗ, ಇಲ್ಲವೇ ಸೂರ್ಯ ಮರೆಯಾದ ಮೇಲಿನ ಮೃದು ಬೆಳಕಿನಲ್ಲಿ ಬಣ್ಣಗಳು ಒಂದರಿಂದ ಒಂದು ಸ್ಪಷ್ಟವಾಗಿ ಬೇರೆಯಾಗಿ ನಿಲ್ಲುತ್ತವೆ. ಅಲ್ಲಿಗೆ ಹೋಗುವ ಆರ್ಟಿಸ್ಟ್ಸ್ ಡ್ರೈವ್ ಸುಮಾರು 14 ಕಿಲೋಮೀಟರ್‌ನ ಏಕಮುಖ ರಸ್ತೆ, ಹಿಂತಿರುಗಲು ಅವಕಾಶವಿಲ್ಲ. ಹೊತ್ತು ನೋಡಿಕೊಂಡೇ ಒಳಗೆ ಹೋಗಿ.

ಕ್ಯಾಮೆರಾದ ಹೊಂದಾಣಿಕೆಯಲ್ಲಿ ಎರಡು ಸಂಗತಿ ಗಮನಿಸಿ. ವೈಟ್ ಬ್ಯಾಲೆನ್ಸ್ (ಬೆಳಕಿನ ಛಾಯೆಗೆ ತಕ್ಕಂತೆ ಬಣ್ಣ ಸರಿಪಡಿಸುವ ವ್ಯವಸ್ಥೆ) ಆಟೋದಲ್ಲಿದ್ದರೆ ಕ್ಯಾಮೆರಾ ಬೆಳಗಿನ ಬಂಗಾರದ ಛಾಯೆಯನ್ನು ದೋಷವೆಂದೇ ತಿಳಿದು ತೆಗೆದುಹಾಕಲು ನೋಡುತ್ತದೆ, ಆದ್ದರಿಂದ ಡೇಲೈಟ್‌ಗೆ ಇಟ್ಟು, ಆಮೇಲೆ ತಿದ್ದಲು ಅನುಕೂಲವಾದ, ಸಂಸ್ಕರಿಸದ ರಾ (RAW) ಕಡತದಲ್ಲಿ ತೆಗೆಯಿರಿ. ಇನ್ನೊಂದು, ತಿಳಿ ಬಣ್ಣದ ಮಣ್ಣು ಚೌಕಟ್ಟನ್ನೆಲ್ಲ ತುಂಬಿದಾಗ ಬೆಳಕನ್ನು ಅಳೆಯುವ ಮೀಟರ್ ಮೋಸ ಹೋಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ಎಕ್ಸ್‌ಪೋಶರನ್ನು ಅರ್ಧದಿಂದ ಮುಕ್ಕಾಲು ಸ್ಟಾಪ್‌ನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಏರಿಸಿ, ಚಿತ್ರದ ಬೆಳಕಿನ ಹಂಚಿಕೆ ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯಲ್ಲಿ ಕೆಂಪಿನ ಗೆರೆ ಬಲಗಡೆಯ ಅಂಚಿಗೆ ಒತ್ತಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ರತಿಫಲನ ತಡೆಯುವ ಪೋಲರೈಸರ್ ಫಿಲ್ಟರ್ ಇದ್ದರೆ ಬಂಡೆಯ ಮೇಲಿನ ಹೊಳಪು ತಗ್ಗಿ ಬಣ್ಣ ಗಾಢವಾಗುತ್ತದೆ, ಅಗಲ ಕೋನದ ಲೆನ್ಸ್‌ಗೆ ಮಾತ್ರ ಅದನ್ನು ಹಾಕಬೇಡಿ, ಆಕಾಶದ ನೀಲಿ ಪಟ್ಟೆಪಟ್ಟೆಯಾಗುತ್ತದೆ.

ಇನ್ನು ಲೆನ್ಸ್ ವಿಚಾರ. ಅಗಲ ಕೋನದಲ್ಲಿ ಈ ಬೆಟ್ಟಗಳು ಗುಡ್ಡೆಗಳಂತೆ ಕುಗ್ಗುತ್ತವೆ. ನಿಮ್ಮಲ್ಲಿ 200 ಮಿ.ಮೀ.ವರೆಗೆ ಹೋಗುವ ಜೂಮ್ ಈಗಾಗಲೇ ಇದ್ದರೆ, ಆಕಾಶವನ್ನು ಪೂರ್ತಿ ಬಿಟ್ಟು ಹಸಿರಿಗೆ ಗುಲಾಬಿ ತಾಗುವ ಒಂದೇ ಮಡಿಕೆಯನ್ನು ಹಿಡಿಯಲು ಅದು ಸಾಕು. ಧೂಳುಗಾಳಿಯಲ್ಲಿ ಲೆನ್ಸ್ ಬದಲಿಸುವ ಕೆಲಸವನ್ನು ಕಾರಿನೊಳಗೇ ಮಾಡಿ. ಡ್ರೋನ್ ಒಯ್ಯುವ ಆಲೋಚನೆಯಿದ್ದರೆ ಕೈಬಿಡಿ, ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಅದಕ್ಕೆ ನಿಷೇಧವಿದೆ.