ಆರು ಪತ್ರಗಳಲ್ಲಿ ನಾಲ್ಕು

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಈ ಸೆಪ್ಟೆಂಬರಿನಲ್ಲಿ ಅಮೆರಿಕದ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಗೆ, ಅಂದರೆ ವೈದ್ಯ ಪದವಿಯ ನಂತರದ ಆಸ್ಪತ್ರೆ ತರಬೇತಿಗೆ, ಅರ್ಜಿ ಹಾಕುತ್ತಿದ್ದೀರಿ, ಜೊತೆಗೆ ಕೆಲವು ಫ್ಯಾಮಿಲಿ ಮೆಡಿಸಿನ್ ಪ್ರೋಗ್ರಾಮ್‌ಗಳಿಗೂ. ಶಿಫಾರಸು ಪತ್ರ ಕೊಡಲು ಆರು ಮಂದಿ ಒಪ್ಪಿದ್ದಾರೆ: ಊರಿನ ಕಾಲೇಜಿನ ಮೆಡಿಸಿನ್ ವಿಭಾಗದ ಮುಖ್ಯಸ್ಥರು (ಎಚ್‌ಒಡಿ), ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ಯೂನಿಟ್ ನೋಡಿಕೊಂಡಿದ್ದ ಅಸೋಸಿಯೇಟ್ ಪ್ರೊಫೆಸರ್, ಶಿಕಾಗೋದ ಬೋಧನಾ ಆಸ್ಪತ್ರೆಯಲ್ಲಿ ನಾಲ್ಕು ವಾರ ನಿಮ್ಮನ್ನು ರೌಂಡ್ಸ್‌ಗೆ ಕರೆದೊಯ್ದ ಅಟೆಂಡಿಂಗ್ (ಹಿರಿಯ ವೈದ್ಯರು), ಅಲ್ಲೇ ಉಪನಗರದಲ್ಲಿ ಫ್ಯಾಮಿಲಿ ಕ್ಲಿನಿಕ್ ನಡೆಸುವ ನಮ್ಮ ಕಡೆಯ ವೈದ್ಯೆ, ಒಂದು ವರ್ಷ ನಿಮ್ಮಿಂದ ಸಂಶೋಧನೆಯ ಕೆಲಸ ಮಾಡಿಸಿದ ಮಾರ್ಗದರ್ಶಕರು, ಮತ್ತು ನಿಮ್ಮ ಚಿಕ್ಕಪ್ಪನ ಸ್ನೇಹಿತರಾದ ಬೆಂಗಳೂರಿನ ಹೆಸರಾಂತ ಹೃದ್ರೋಗ ತಜ್ಞರು. ಒಂದು ಪ್ರೋಗ್ರಾಮ್‌ಗೆ ನಾಲ್ಕಕ್ಕಿಂತ ಹೆಚ್ಚು ಪತ್ರ ಕಳಿಸಲು ಅರ್ಜಿ ಹಾಕುವ ಆನ್‌ಲೈನ್ ಪೋರ್ಟಲ್ ಆದ ಇರಾಸ್ ಬಿಡುವುದಿಲ್ಲವಾದ್ದರಿಂದ ಯಾರನ್ನು ಬಿಡಬೇಕು ಎಂಬುದು ನಿಮ್ಮ ಚಿಂತೆ.

ನಾನು ಓಹಾಯೋದ ಒಂದು ಆಸ್ಪತ್ರೆಯಲ್ಲಿ ಮೆಡಿಸಿನ್ ವಿಭಾಗದಲ್ಲಿದ್ದೇನೆ. ಕೆಲವು ವರ್ಷಗಳಿಂದ ರೆಸಿಡೆನ್ಸಿ ಅರ್ಜಿಗಳನ್ನು ಓದುವವರಲ್ಲಿ ನಾನೂ ಒಬ್ಬ. ಆ ಅನುಭವದಿಂದ ಹೇಳುವುದಾದರೆ, ನಮ್ಮ ಗೊಂದಲಕ್ಕೆ ಅರ್ಧ ಕಾರಣ ‘ಶಿಫಾರಸು’ ಎಂಬ ಪದವೇ. ಶಿಫಾರಸು ಎಂದ ಕೂಡಲೇ ನಮ್ಮ ಮನಸ್ಸಿಗೆ ಬರುವುದು ದೊಡ್ಡವರ ಕೈಯಿಂದ ಸಣ್ಣವರಿಗೆ ಹೋಗುವ ಚೀಟಿ. ಚೀಟಿ ಕೊಟ್ಟವರು ಎಷ್ಟು ದೊಡ್ಡವರೋ ಚೀಟಿಗೆ ಅಷ್ಟು ಬೆಲೆ. ಅದನ್ನು ಹಿಡಿದವನನ್ನು ಅವರು ಬಲ್ಲರೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ. ಇಲ್ಲಿ ಕೇಳುವುದೇ ಅದನ್ನು. ಈ ಪತ್ರವನ್ನು ಸಾಕ್ಷಿಯ ಹೇಳಿಕೆಯೆಂದು ತಿಳಿದುಕೊಳ್ಳಿ: ಬರೆದವರು ನಿಮ್ಮನ್ನು ಎಲ್ಲಿ, ಎಷ್ಟು ದಿನ, ಯಾವ ಕೆಲಸ ಮಾಡುವಾಗ ಕಣ್ಣಾರೆ ಕಂಡರು ಎಂಬುದನ್ನು ನಾವು ಮೊದಲ ಪ್ಯಾರಾದಲ್ಲೇ ಹುಡುಕುತ್ತೇವೆ.

ಇದು ನನಗೆ ಪೆಟ್ಟು ತಿಂದ ಮೇಲೆ ತಿಳಿಯಿತು. ನಾನು ಮೊದಲ ಸಲ ಅರ್ಜಿ ಹಾಕಿದಾಗ ನನ್ನ ಮೂರು ಪತ್ರಗಳೂ ಕಾಲೇಜಿನ ಗೇಟಿನ ಎದುರಿನ ಡಿಟಿಪಿ ಅಂಗಡಿಯಲ್ಲಿ ಹುಟ್ಟಿದ್ದವು. ಅಂಗಡಿಯವನ ಕಂಪ್ಯೂಟರಿನಲ್ಲಿ ಒಂದು ಮಾದರಿ ಇತ್ತು. ಹೆಸರು, ವರ್ಷ, ವಿಭಾಗ ಬದಲಿಸಿ ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆದುಕೊಡುತ್ತಿದ್ದ. ಅದನ್ನು ಹಿಡಿದು ಒಪಿಡಿಯ ಬಾಗಿಲಲ್ಲಿ ಕಾದು ನಿಂತು, ಸರ್ ಎರಡು ರೋಗಿಗಳ ನಡುವೆ ಸಹಿ ಹಾಕಿಕೊಟ್ಟರೆ ಮುಗಿಯಿತು. ಆ ವರ್ಷ ನನಗೆ ಒಂದೇ ಒಂದು ಇಂಟರ್‌ವ್ಯೂ ಬರಲಿಲ್ಲ. ಬೇರೆ ಕಾರಣಗಳೂ ಇದ್ದವು, ಎಲ್ಲ ತಪ್ಪನ್ನೂ ಪತ್ರಗಳ ತಲೆಗೆ ಕಟ್ಟುವುದಿಲ್ಲ. ಆದರೆ ಮರುವರ್ಷ ಸೀನಿಯರ್ ಒಬ್ಬರು ನನ್ನ ಪ್ರತಿಗಳನ್ನು ತರಿಸಿಕೊಂಡು ಓದಿ ನಕ್ಕರು. ಮೂರರಲ್ಲೂ ನಾನು ವಿಧೇಯ, ಶ್ರಮಜೀವಿ, ಸನ್ನಡತೆಯವನು. ಒಂದರ ಕೊನೆಯ ಪ್ಯಾರಾದಲ್ಲಿ ನಾನು ಹೆಣ್ಣಾಗಿದ್ದೆ, ಏಕೆಂದರೆ ನನಗಿಂತ ಮೊದಲು ಬಂದ ವಿದ್ಯಾರ್ಥಿನಿಯ ಪತ್ರದಲ್ಲಿ ಅಷ್ಟನ್ನು ಬದಲಿಸಲು ಅಂಗಡಿಯವನು ಮರೆತಿದ್ದ. ನಮ್ಮಲ್ಲಿ ನಡತೆ ಪ್ರಮಾಣಪತ್ರಕ್ಕೆ ಸಾಲುವ ಮಾತುಗಳು ಇಲ್ಲಿ ಏನನ್ನೂ ಹೇಳುವುದಿಲ್ಲ. ‘ವಿಧೇಯ’ ಎಂಬುದನ್ನಂತೂ ಇಲ್ಲಿಯವರು ಹೊಗಳಿಕೆಯಾಗಿ ಓದುವುದೇ ಇಲ್ಲ.

ಈಗ ಪತ್ರಗಳ ತೂಕ ನನ್ನ ಕಾಲಕ್ಕಿಂತ ಹೆಚ್ಚಾಗಿದೆ ಎಂದೇ ನನ್ನ ಅಂದಾಜು. 2022ರ ಜನವರಿ 26ರಿಂದ ಅಮೆರಿಕದ ವೈದ್ಯ ಪರವಾನಗಿ ಪರೀಕ್ಷೆಯ ಮೊದಲ ಹಂತವಾದ ಸ್ಟೆಪ್ 1ರಲ್ಲಿ ಪಾಸ್ ಅಥವಾ ಫೇಲ್ ಎಂದಷ್ಟೇ ಬರುತ್ತದೆ, ಅಂಕ ಬರುವುದಿಲ್ಲ. ರೋಗಿಯೊಡನೆ ಮಾತಾಡುವುದನ್ನು ಪರೀಕ್ಷಿಸುತ್ತಿದ್ದ ಸ್ಟೆಪ್ 2 ಸಿಎಸ್ ಅನ್ನು 2021ರಲ್ಲಿ ಪೂರ್ತಿ ಕೈಬಿಟ್ಟರು. ಉಳಿದಿರುವುದು ವೈದ್ಯಕೀಯ ಜ್ಞಾನವನ್ನು ಪರೀಕ್ಷಿಸುವ ಸ್ಟೆಪ್ 2 ಸಿಕೆಯ ಅಂಕ. ವಾರ್ಡಿನಲ್ಲಿ ನೀವು ಹೇಗಿರುತ್ತೀರಿ ಎಂಬುದನ್ನು ಆ ಅಂಕ ಹೇಳಲಾರದು.

ನಿಮ್ಮ ಆರು ಮಂದಿಯಲ್ಲಿ ಬೆಂಗಳೂರಿನ ಹೃದ್ರೋಗ ತಜ್ಞರನ್ನು ಮೊದಲು ಬಿಡಿ. ನೀವು ಅವರ ಜೊತೆ ಕಳೆದದ್ದು ಒಂದು ವಾರ, ಅದೂ ಮೂಲೆಯ ಕುರ್ಚಿಯಲ್ಲಿ ಕುಳಿತು. ಅಂಥವರು ಒಳ್ಳೆಯ ಮನಸ್ಸಿನಿಂದಲೇ ನಾಲ್ಕು ಸಾಲು ಬರೆಯುತ್ತಾರೆ. ದೊಡ್ಡ ಹೆಸರಿನ ಕೆಳಗೆ ಆ ನಾಲ್ಕು ಸಾಲು ಇನ್ನೂ ಸಣ್ಣದಾಗಿ ಕಾಣುತ್ತವೆ. ಚಿಕ್ಕಪ್ಪನವರಿಗೆ ಬೇಸರವಾಗದಂತೆ ಹೇಳುವುದು ನಿಮಗೆ ಬಿಟ್ಟದ್ದು.

ಶಿಕಾಗೋದ ಅಟೆಂಡಿಂಗ್ ಅವರ ಪತ್ರ ಬೇಕೇ ಬೇಕು. ನೀವು ಅಲ್ಲಿ ಮಾಡಿದ್ದು ಅಬ್ಸರ್ವರ್‌ಶಿಪ್, ಅಂದರೆ ಬರೀ ನೋಡಿ ಕಲಿಯುವುದು. ಅದರಲ್ಲಿ ರೋಗಿಯನ್ನು ಮುಟ್ಟುವಂತಿಲ್ಲ, ಹಾಗಾಗಿ ನಿಮ್ಮ ಕೈಕೆಲಸದ ಬಗ್ಗೆ ಅವರು ಬರೆಯಲಾರರು. ಆದರೆ ರೌಂಡ್ಸ್‌ನಲ್ಲಿ ನೀವು ಕೇಳಿದ ಪ್ರಶ್ನೆ, ಓದಿಕೊಂಡು ಬಂದು ಮರುದಿನ ಹೇಳಿದ ಉತ್ತರ, ನರ್ಸ್‌ಗಳೊಡನೆ ನಡೆದುಕೊಂಡ ರೀತಿ, ಇಲ್ಲಿನ ವೈದ್ಯಕೀಯ ವ್ಯವಸ್ಥೆ ನಿಮಗೆ ಎಷ್ಟು ಅರ್ಥವಾಗಿದೆ ಎಂಬುದು, ಇವನ್ನು ಅವರಷ್ಟು ನಂಬಿಕೆ ಹುಟ್ಟುವಂತೆ ಬರೆಯಬಲ್ಲವರು ನಿಮ್ಮ ಪಟ್ಟಿಯಲ್ಲಿ ಇನ್ನೊಬ್ಬರಿಲ್ಲ. ಕೇಳುವಾಗ ‘ಪತ್ರ ಕೊಡುತ್ತೀರಾ’ ಎನ್ನಬೇಡಿ. ‘ನನ್ನ ಬಗ್ಗೆ ಬಲವಾದ ಪತ್ರ ಬರೆಯುವಷ್ಟು ನನ್ನನ್ನು ನೋಡಿದ್ದೀರಿ ಎಂದು ಅನ್ನಿಸುತ್ತದೆಯೇ’ ಎಂದು ಕೇಳಿ. ಉತ್ತರ ಬರುವ ಮೊದಲು ಅವರು ಸ್ವಲ್ಪ ತಡೆದರೆ ಅದನ್ನೇ ಉತ್ತರವೆಂದುಕೊಂಡು ಧನ್ಯವಾದ ಹೇಳಿ ಬನ್ನಿ.

ನಿಮ್ಮ ಯೂನಿಟ್‌ನ ಅಸೋಸಿಯೇಟ್ ಪ್ರೊಫೆಸರ್ ಅವರನ್ನು ನೀವು ಅಷ್ಟಾಗಿ ಲೆಕ್ಕಕ್ಕೆ ಹಿಡಿದಂತಿಲ್ಲ, ‘ಅಮೆರಿಕದವರಲ್ಲ’ ಎಂಬ ಸಂಕೋಚದಿಂದಿರಬೇಕು. ನಾನಾದರೆ ಅವರನ್ನು ಎರಡನೆಯ ಸ್ಥಾನದಲ್ಲಿಡುತ್ತೇನೆ, ಏಕೆಂದರೆ ನೀವು ನಿಜವಾಗಿ ರೋಗಿಗಳನ್ನು ನೋಡಿಕೊಂಡದ್ದನ್ನು ಕಂಡವರು ಅವರೊಬ್ಬರೇ. ನಾನು ಓದಿದ ಪತ್ರಗಳಲ್ಲಿ ಇಂದಿಗೂ ನೆನಪಿರುವುದು ಭಾರತದ ಒಂದು ಜಿಲ್ಲಾ ಆಸ್ಪತ್ರೆಯಿಂದ ಬಂದದ್ದು. ಸಕ್ಕರೆ ಕಾಯಿಲೆಯ ರೋಗಿಯೊಬ್ಬ ತಿಂಗಳಲ್ಲಿ ಎರಡನೆಯ ಸಲ ಭರ್ತಿಯಾದಾಗ ಎಲ್ಲರೂ ಅವನು ಇನ್ಸುಲಿನ್ ಚುಚ್ಚಿಕೊಳ್ಳುತ್ತಿಲ್ಲ ಎಂದುಕೊಂಡರಂತೆ. ಇಂಟರ್ನ್ ಒಬ್ಬ ರಾತ್ರಿ ಅವನ ಪಕ್ಕ ಕುಳಿತು ಔಷಧಿಯನ್ನು ಮನೆಯಲ್ಲಿ ಎಲ್ಲಿಡುತ್ತೀಯ ಎಂದು ಕೇಳಿದ. ತಗಡಿನ ಮಾಡಿನ ಮನೆ, ಫ್ರಿಜ್ ಇಲ್ಲ, ಬಾಟಲಿ ಕಿಟಕಿಯ ಮೇಲೆ. ಒದ್ದೆ ಮರಳಿನ ನಡುವೆ ಮಣ್ಣಿನ ಕುಡಿಕೆಯಿಟ್ಟು ಅದರಲ್ಲಿ ಬಾಟಲಿಯನ್ನು ಹೇಗೆ ಇಡಬೇಕೆಂದು ಅವನಿಗೂ ಅವನ ಹೆಂಡತಿಗೂ ತೋರಿಸಿಕೊಟ್ಟ. ಪತ್ರದ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ನಮ್ಮ ಸಮಿತಿಯ ಮೂವರೂ ಆ ಹುಡುಗನನ್ನು ಕರೆಯೋಣ ಎಂದೆವು.

ನಿಮ್ಮ ಪ್ರೊಫೆಸರ್ ‘ನೀವೇ ಬರೆದುಕೊಂಡು ಬನ್ನಿ, ಸಹಿ ಹಾಕುತ್ತೇನೆ’ ಎಂದಿದ್ದಾರೆ. ಹಾಗೆ ಮಾಡಬೇಡಿ, ಅರ್ಜಿಯಲ್ಲಿ ನಿಮ್ಮ ಬಗ್ಗೆ ನೀವೇ ಬರೆಯುವ ಪರ್ಸನಲ್ ಸ್ಟೇಟ್‌ಮೆಂಟ್‌ನ ಧಾಟಿಯೇ ಪತ್ರದಲ್ಲೂ ಕಂಡರೆ ಓದುವವರಿಗೆ ಗೊತ್ತಾಗಿಬಿಡುತ್ತದೆ. ಹಾಗೆಂದು ಅವರಿಗೆ ಖಾಲಿ ಕಾಗದ ಕೊಡುವುದೂ ತಪ್ಪು. ಸಿವಿಯ ಜೊತೆ ಒಂದು ಪುಟದ ನೆನಪಿನೋಲೆ ಕೊಡಿ: ಇಂಥ ದಿನ, ಇಂಥ ರೋಗಿ, ನಾನು ಹೀಗೆ ಮಾಡಿದೆ, ನೀವು ಹೀಗೆ ತಿದ್ದಿದಿರಿ ಎಂದು, ರೋಗಿಯ ಹೆಸರಿಲ್ಲದೆ. ‘ಸರ್, ಇಂಗ್ಲಿಷ್ ಹೇಗಿದ್ದರೂ ಪರವಾಗಿಲ್ಲ, ಮಾತು ನಿಮ್ಮದೇ ಇರಲಿ’ ಎಂದು ಕೇಳಿಕೊಳ್ಳಿ. ಅವರು ಹೇಳುತ್ತ ಹೋದದ್ದನ್ನು ಇಲಾಖೆಯ ಗುಮಾಸ್ತರು ಟೈಪ್ ಮಾಡಿದರೂ ಸರಿಯೇ. ಲೆಟರ್‌ಹೆಡ್ ಮೇಲೆ ಸಹಿಯಾದ ಪ್ರತಿಯನ್ನು ಪೋರ್ಟಲ್‌ಗೆ ಏರಿಸುವುದು ಅವರ ಅಥವಾ ಅವರು ನೇಮಿಸಿದವರ ಕೆಲಸ. ಸರ್‌ಗೆ ಕಂಪ್ಯೂಟರ್ ಬಾರದು ಎಂದು ಅವರ ಹೆಸರಿನಲ್ಲಿ ಇಮೇಲ್ ತೆರೆದು ತಾವೇ ಏರಿಸುವವರ ಕಥೆಗಳನ್ನು ನೀವೂ ಕೇಳಿರುತ್ತೀರಿ. ಅದು ಮೋಸ, ವಿದೇಶಿ ವೈದ್ಯ ಪದವೀಧರರ ಅರ್ಹತೆಯನ್ನು ಪರಿಶೀಲಿಸುವ ಸಂಸ್ಥೆಯಾದ ಇಸಿಎಫ್‌ಎಂಜಿ ಕೈಗೆ ಸಿಕ್ಕರೆ ನಿಮ್ಮ ದಾಖಲೆಯಲ್ಲಿ ಆ ಮಸಿ ಉಳಿಯುತ್ತದೆ.

ಪತ್ರವನ್ನು ನೋಡುವ ಹಕ್ಕನ್ನು ಬಿಟ್ಟುಕೊಡಬೇಕೇ ಎಂದೂ ಕೇಳಿದ್ದೀರಿ. ಬಿಟ್ಟುಕೊಡಿ. ಅಭ್ಯರ್ಥಿ ಓದಿರಬಹುದಾದ ಪತ್ರವನ್ನು ಇಲ್ಲಿ ಯಾರೂ ಪೂರ್ತಿ ನಂಬುವುದಿಲ್ಲ.

ಸಂಶೋಧನೆಯ ಮಾರ್ಗದರ್ಶಕರು ನಿಮ್ಮನ್ನು ಒಂದು ವರ್ಷ ನೋಡಿದ್ದಾರೆ. ಹೊತ್ತಿಗೆ ಸರಿಯಾಗಿ ಕೆಲಸ ಮುಗಿಸುವುದು, ತಪ್ಪಾದಾಗ ಒಪ್ಪಿಕೊಳ್ಳುವುದು ಇವನ್ನು ಅವರು ಹೇಳಬಲ್ಲರು. ಮೂರನೆಯ ಪತ್ರ ಅವರದಿರಲಿ. ಉಳಿದ ಒಂದು ಜಾಗ ಎಲ್ಲ ಪ್ರೋಗ್ರಾಮ್‌ಗಳಿಗೂ ಒಂದೇ ಆಗಿರಬೇಕಿಲ್ಲ. ಇರಾಸ್‌ನಲ್ಲಿ ಎಷ್ಟು ಪತ್ರ ಬೇಕಾದರೂ ಇಟ್ಟುಕೊಂಡು, ಯಾವ ಪ್ರೋಗ್ರಾಮ್‌ಗೆ ಯಾವುದು ಎಂದು ಬೇರೆ ಬೇರೆಯಾಗಿ ಹಂಚಬಹುದು. ಕೆಲವು ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಮ್‌ಗಳು ವಿಭಾಗದ ಮುಖ್ಯಸ್ಥರ ಪತ್ರವನ್ನು ಕಡ್ಡಾಯವಾಗಿ ಕೇಳುತ್ತವೆ. ಅಂಥಲ್ಲಿಗೆ ಎಚ್‌ಒಡಿಯವರ ಪತ್ರ ಹೋಗಲಿ, ಅದು ನೀರಸವಾಗಿದ್ದರೂ ಸರಿ. ಫ್ಯಾಮಿಲಿ ಮೆಡಿಸಿನ್‌ನವರಿಗೆ ಉಪನಗರದ ವೈದ್ಯೆಯ ಪತ್ರವೇ ಮೊದಲನೆಯದು. ಅವರು ಅದೇ ವಿಷಯದವರ ಮಾತನ್ನು ಕೇಳಬಯಸುತ್ತಾರೆ, ಅದಿಲ್ಲದಿದ್ದರೆ ನೀವು ತಮ್ಮನ್ನು ಎರಡನೆಯ ದರ್ಜೆಯ ಆಯ್ಕೆಯಾಗಿ ಇಟ್ಟುಕೊಂಡಿದ್ದೀರಿ ಎಂದು ತಿಳಿಯುತ್ತಾರೆ. ಆದರೆ ಆ ವೈದ್ಯೆ ‘ಈಕೆ ಒಳ್ಳೆಯ ಫ್ಯಾಮಿಲಿ ಫಿಸಿಶಿಯನ್ ಆಗುತ್ತಾಳೆ’ ಎಂದು ಬರೆದ ಪತ್ರ ಇಂಟರ್ನಲ್ ಮೆಡಿಸಿನ್ ಪ್ರೋಗ್ರಾಮ್‌ಗೆ ಹೋಗಕೂಡದು. ಒಳಗೆ ಏನಿದೆ ಎಂದು ನಿಮಗೆ ಕಾಣುವುದಿಲ್ಲವಾದ್ದರಿಂದ ಕೇಳುವಾಗಲೇ ಇದು ಯಾವ ವಿಷಯಕ್ಕೆ ಎಂದು ಹೇಳಿ, ಪೋರ್ಟಲ್‌ನಲ್ಲಿ ಪ್ರತಿ ಪತ್ರಕ್ಕೂ ಗುರುತಾಗುವಂಥ ಶೀರ್ಷಿಕೆ ಕೊಟ್ಟುಕೊಳ್ಳಿ.

ಪ್ರೋಗ್ರಾಮ್‌ಗಳು ಅರ್ಜಿಗಳನ್ನು ತೆರೆಯುವುದು ಸೆಪ್ಟೆಂಬರ್ ಕೊನೆಯ ಹೊತ್ತಿಗೆ. ಆ ದಿನ ಮೂರು ಪತ್ರಗಳಾದರೂ ಒಳಗಿರಬೇಕು. ನಾಲ್ಕನೆಯದು ತಡವಾದರೆ ಅದಕ್ಕಾಗಿ ಅರ್ಜಿಯನ್ನು ತಡೆಹಿಡಿಯಬೇಡಿ, ಆಮೇಲೆ ಬಂದಾಗ ಸೇರಿಸಬಹುದು. ಶಿಕಾಗೋದವರಿಗೆ ನಿಮ್ಮ ಮುಖ ನೆನಪಿರುವಾಗಲೇ, ಅಂದರೆ ಈ ವಾರದಲ್ಲೇ, ಲೆಟರ್ ರಿಕ್ವೆಸ್ಟ್ ಫಾರ್ಮ್ ಕಳಿಸಿ. ಊರಿನ ಪ್ರೊಫೆಸರ್‌ಗೆ ಇಮೇಲ್ ಮಾಡಿ ಕಾಯಬೇಡಿ, ಭಾನುವಾರ ಬೆಳಿಗ್ಗೆ ಅವರ ಕಾಫಿಯ ಹೊತ್ತು ನೋಡಿಕೊಂಡು ಫೋನ್ ಮಾಡಿ.