ಮೊದಲ ವರ್ಷದವರಿಗೆ ಲ್ಯಾಬ್ ಕೆಲಸ, ಓದುವ ರೀತಿ ಎರಡನ್ನೂ ಹೇಗೆ ಕಲಿಸುವುದು?

ನೀವು ಕೇಳಿರುವುದು ಇಷ್ಟು: ಜೀವವಿಜ್ಞಾನ ಮೊದಲ ವರ್ಷದ ಪ್ರಾಕ್ಟಿಕಲ್ಸ್ ಈ ಸಲ ನಿಮ್ಮ ಪಾಲಿಗೆ ಬಂದಿದೆ. ವಿದ್ಯಾರ್ಥಿಗಳು ಮ್ಯಾನುಯಲ್‌ನಲ್ಲಿ ಇದ್ದ ಹಾಗೆ ಮಾಡಿ ಮುಗಿಸುತ್ತಾರೆ, ಮುಂದಿನ ವಾರಕ್ಕೆ ಏನೂ ಉಳಿದಿರುವುದಿಲ್ಲ. ಓದಿದ್ದೂ ಹಾಗೇ. ಸಿಗುವ ಸ್ವಲ್ಪ ಹೊತ್ತಿನಲ್ಲಿ ಏನು ಮಾಡಬಹುದು?

ನಾನೂ ಇದೇ ಕ್ಲಾಸ್ ತೆಗೆದುಕೊಳ್ಳುತ್ತೇನೆ. ನಾನು ನೋಡುವುದು ಒಂದೇ ವಿಷಯ. ತಾನು ಮಾಡಿದ್ದು ಸರಿಯೋ ತಪ್ಪೋ ಅಂತ ವಿದ್ಯಾರ್ಥಿಗೆ ಅಲ್ಲೇ, ತಾನಾಗಿಯೇ ಗೊತ್ತಾಗಬೇಕು. ನೀವು ಬಂದು ನೋಡಿ ಹೇಳುವ ತನಕ ಕಾಯುವ ಹಾಗಿದ್ದರೆ ಕೈ ಪಳಗುವುದಿಲ್ಲ. ಒಂದು ಬ್ಯಾಚ್‌ನಲ್ಲಿ ಎಷ್ಟು ಜನರ ಹತ್ತಿರ ನೀವು ಹೋಗಲು ಸಾಧ್ಯ, ಹೇಳಿ?

ಪಿಪೆಟ್ (ದ್ರವವನ್ನು ಅಳತೆಗೆ ತಕ್ಕಂತೆ ಎಳೆದು ಹಾಕುವ ಸಾಧನ) ಹಿಡಿಯುವುದನ್ನೇ ತೆಗೆದುಕೊಳ್ಳಿ. ಮುಂದೆ ನಿಂತು ತೋರಿಸಿದರೆ ಎಲ್ಲರೂ ತಲೆ ಆಡಿಸುತ್ತಾರೆ. ಅದರ ಬದಲು ತೂಕದ ಯಂತ್ರದ ಮುಂದೆ ಕೂರಿಸಿ. ಮೂರು ದಶಾಂಶ ತೋರಿಸುವ ಯಂತ್ರ ಸಾಕು. ಖಾಲಿ ಟ್ಯೂಬ್ ಇಟ್ಟು ಸೊನ್ನೆ ಮಾಡಿ, 100 ಮೈಕ್ರೋಲೀಟರ್ ನೀರನ್ನು ಒಂದೊಂದಾಗಿ ಹತ್ತು ಸಲ ಹಾಕಲಿ. ಪ್ರತಿ ಸಲ ಎಷ್ಟು ಏರಿತು ಅಂತ ಬರೆದುಕೊಳ್ಳಲಿ. 1 ಮಿಲಿಲೀಟರ್ ನೀರು ಹೆಚ್ಚು ಕಡಿಮೆ 1 ಗ್ರಾಂ ತೂಗುತ್ತದೆ, ಹಾಗಾಗಿ ಪ್ರತಿ ಸಲ 0.100 ಗ್ರಾಂ ಆಸುಪಾಸು ಏರಬೇಕು. ಒಬ್ಬರಿಗೆ ಪ್ರತಿ ಸಲವೂ ಜಾಸ್ತಿ ಬರುತ್ತದೆ: ಪ್ಲಂಜರನ್ನು (ಪಿಪೆಟ್ ಮೇಲಿನ ಒತ್ತುಗುಂಡಿ) ಮೊದಲ ಸ್ಟಾಪ್‌ನಲ್ಲಿ ನಿಲ್ಲಿಸದೆ ಎರಡನೇ ಸ್ಟಾಪ್ ತನಕ ಒತ್ತಿ ನೀರು ಎಳೆದಿರುತ್ತಾರೆ. ಇನ್ನೊಬ್ಬರಿಗೆ ಒಮ್ಮೆ ಜಾಸ್ತಿ ಒಮ್ಮೆ ಕಡಿಮೆ: ಪ್ಲಂಜರನ್ನು ಫಟ್ ಅಂತ ಬಿಟ್ಟು ಟಿಪ್‌ನೊಳಗೆ (ಪಿಪೆಟ್ ತುದಿಗೆ ಸಿಕ್ಕಿಸುವ ಕೊಳವೆ) ಗಾಳಿ ಸೇರಿಸಿರುತ್ತಾರೆ. ಯಾವಾಗಲೂ ಒಂದೇ ಕಡೆಗೆ ವಾಲುವ ತಪ್ಪು ಬೇರೆ, ಅತ್ತಿತ್ತ ಹಾರಾಡುವ ತಪ್ಪು ಬೇರೆ ಅಂತ ಆ ಹತ್ತು ಅಂಕಿಗಳೇ ತೋರಿಸಿಕೊಡುತ್ತವೆ. ಇದಕ್ಕೆ ಬೇರೆ ಲೆಕ್ಚರ್ ಬೇಕಾಗುವುದಿಲ್ಲ.

ಆ ಹೊತ್ತಿಗೇ ಪಿಪೆಟ್ ಮೇಲಿನ ಅಂಕಿ ಓದುವುದನ್ನೂ ಕಲಿಸಿಬಿಡಿ. ಕೆಲವು ಪಿಪೆಟ್‌ಗಳ ಕಿಂಡಿಯಲ್ಲಿ 1, 0, 0 ಅಂತ ಕಂಡರೆ 20ರ ಪಿಪೆಟ್‌ನಲ್ಲಿ (ಹೆಚ್ಚೆಂದರೆ 20 ಮೈಕ್ರೋಲೀಟರ್ ಅಳೆಯುವುದು) ಅದು 10 ಮೈಕ್ರೋಲೀಟರ್, 200ರದ್ದರಲ್ಲಿ 100, 1000ದ್ದರಲ್ಲಿ 1000. ಮೂರನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಕೇಳಿ ನೋಡಿ, ಯಾರು ಯಾರು ಸಿಕ್ಕಿಬೀಳುತ್ತಾರೆ ಅಂತ ಗೊತ್ತಾಗುತ್ತದೆ.

ಮುಂದಿನದು ಡೈಲ್ಯೂಷನ್, ಅಂದರೆ ದ್ರಾವಣವನ್ನು ತೆಳು ಮಾಡುವುದು. ಮೊದಲ ವರ್ಷದವರು ಅತಿ ಹೆಚ್ಚು ಎಡವುವುದು ಇಲ್ಲೇ. ಹತ್ತು ಪಟ್ಟು ತೆಳು ಮಾಡಿ ಅಂದರೆ ಅರ್ಧ ಕ್ಲಾಸ್ 1 ಮಿಲಿಗೆ 10 ಮಿಲಿ ನೀರು ಸೇರಿಸುತ್ತದೆ. ಅದು ಹನ್ನೊಂದು ಪಟ್ಟು ಆಯಿತು. ಹಾಗಾಗಿ 'ಒಂದಕ್ಕೆ ಹತ್ತು' ಅಂತ ಬರೆಯಲು ನಾನು ಬಿಡುವುದೇ ಇಲ್ಲ. '1 ಮಿಲಿ + 9 ಮಿಲಿ, ಒಟ್ಟು 10' ಅಂತಲೇ ಬರೆಯಬೇಕು. ಆಮೇಲೆ ಒಂದು ಬಣ್ಣದ ದ್ರಾವಣ ಕೊಟ್ಟು ಅರ್ಧ ಅರ್ಧ ಮಾಡುತ್ತಾ ಹೋಗಲು ಹೇಳಿ. ಮೊದಲ ಟ್ಯೂಬ್ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ (ದ್ರಾವಣ ಎಷ್ಟು ಬೆಳಕು ಹೀರುತ್ತದೆ ಅಂತ ಅಳೆಯುವ ಯಂತ್ರ) 0.8 ತೋರಿಸಿದರೆ ಮುಂದಿನವು 0.4, 0.2, 0.1 ಬರಬೇಕು. ಯಂತ್ರಕ್ಕೆ ಹಾಕುವ ಮೊದಲೇ ಆ ಅಂಕಿಗಳನ್ನು ಬರೆಸಿ, ಇದು ಮುಖ್ಯ. 0.4ರ ಜಾಗದಲ್ಲಿ 0.55 ಬಂದಾಗ ಅವರೇ ಹಿಂದೆ ತಿರುಗಿ ಹುಡುಕುತ್ತಾರೆ: ಕಲಕಿದೆನಾ? ಟಿಪ್ ಬದಲಿಸಿದೆನಾ? ಎರಡನೇ ಟ್ಯೂಬ್ ಕೆಟ್ಟರೆ ಅದರಿಂದಾಚೆಯದೆಲ್ಲ ಕೆಡುತ್ತದೆ ಅನ್ನುವುದೂ ಕಣ್ಣಿಗೇ ಕಾಣುತ್ತದೆ.

ಇದೇ ಯಂತ್ರದ ರೀಡಿಂಗ್ 2 ದಾಟಿದರೂ ಸುಮ್ನೆ ಬರೆದುಕೊಂಡು ಹೋಗುವವರಿದ್ದಾರೆ. 2 ಅಂದರೆ ಬೆಳಕಿನಲ್ಲಿ ನೂರಕ್ಕೆ ಒಂದು ಪಾಲು ಮಾತ್ರ ಆಚೆ ಬರುತ್ತಿದೆ ಅಂತ ಹೇಳಿ. ಆ ಅಂಕಿಯನ್ನು ಎಷ್ಟು ನಂಬಬೇಕು ಅಂತ ಅವರೇ ಯೋಚಿಸುತ್ತಾರೆ.

ಮೈಕ್ರೋಸ್ಕೋಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕಡಿಮೆ ಶಕ್ತಿಯ ಲೆನ್ಸ್‌ನಿಂದ ಶುರು ಮಾಡುವುದು, 40ರ ಲೆನ್ಸ್ ಬಂದ ಮೇಲೆ ಫೋಕಸ್ ಮಾಡುವ ದೊಡ್ಡ ತಿರುಪು ಮುಟ್ಟದಿರುವುದು, ಇವು ಒಂದೆರಡು ಸ್ಲೈಡ್ ಒಡೆದ ಮೇಲೆ ತಾನೇ ಬರುತ್ತವೆ. ಚಿತ್ರ ಬರೆಯುವಾಗ ಮಾತ್ರ ಪುಸ್ತಕ ಮುಚ್ಚಿಸಿ. ಇಲ್ಲದಿದ್ದರೆ ಕಂಡದ್ದನ್ನು ಬಿಟ್ಟು ಪುಸ್ತಕದಲ್ಲಿ ಇರುವುದನ್ನೇ ಬರೆಯುತ್ತಾರೆ.

ನೋಟ್‌ಬುಕ್ಕಿಗೂ ಒಂದು ಪರೀಕ್ಷೆ ಇದೆ. ಪಕ್ಕದ ಮೇಜಿನವರಿಗೆ ಪುಸ್ತಕ ಕೊಟ್ಟು, ಅದರಲ್ಲಿರುವುದನ್ನಷ್ಟೇ ಓದಿ ಅದೇ ದ್ರಾವಣ ಮಾಡಲು ಹೇಳಿ. 'ಸ್ವಲ್ಪ ಬಫರ್ (ಪಿಎಚ್ ಸುಲಭಕ್ಕೆ ಬದಲಾಗದಂತೆ ಹಿಡಿದಿಡುವ ದ್ರಾವಣ) ಹಾಕಿದೆ' ಅಂತ ಬರೆದವರು ಮುಂದಿನ ಸಲ ಎಷ್ಟು, ಯಾವುದು, ಯಾವ ಪಿಎಚ್ ಎಲ್ಲ ಬರೆಯುತ್ತಾರೆ. ಪೆನ್ನಿನಲ್ಲೇ ಬರೆಯಬೇಕು, ತಪ್ಪಾದರೆ ಒಂದೇ ಗೆರೆ ಎಳೆಯಬೇಕು, ಹಾಳೆ ಹರಿಯಬಾರದು. ಬಿಡಿ ಹಾಳೆಯಲ್ಲಿ ಗೀಚಿ ಆಮೇಲೆ ಅಂದವಾಗಿ ನಕಲು ಮಾಡುವ ಚಾಳಿಯನ್ನು ಮೊದಲ ವಾರವೇ ಬಿಡಿಸಿ.

ಇನ್ನು ಓದುವ ವಿಷಯ. ವರ್ಷದ ಆರಂಭದಲ್ಲಿ 'ಓದುವುದು ಹೇಗೆ' ಅಂತ ಬೇರೆ ಕ್ಲಾಸ್ ಇಡುತ್ತಾರಲ್ಲ, ಅದರ ಮೇಲೆ ನನಗೆ ನಂಬಿಕೆ ಇಲ್ಲ. ಇಲ್ಲೂ ತೊಂದರೆ ಅದೇ, ಸರಿಯೋ ತಪ್ಪೋ ತಾನಾಗಿ ಗೊತ್ತಾಗುವುದಿಲ್ಲ: ಮತ್ತೆ ಮತ್ತೆ ಓದಿದಾಗ ಬಂದುಬಿಟ್ಟಿದೆ ಅನ್ನಿಸುತ್ತದೆ, ಬಂದಿರುವುದಿಲ್ಲ. ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ತೋರಿಸಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಕೇಳಿದಾಗ, ಓದದೆ ನೆನಪಿನಿಂದ ಬರೆದು ನೋಡಿಕೊಂಡವರು ಮುಂದೆ ಬಂದರು. ಈ ಫಲಿತಾಂಶವನ್ನು ನಾನು ಕ್ಲಾಸ್‌ನಲ್ಲಿ ಹೇಳುತ್ತೇನೆ, ಆದರೆ ಹೇಳಿ ಬಿಡುವುದಿಲ್ಲ. ಪ್ರತಿ ಪ್ರಾಕ್ಟಿಕಲ್ ಶುರುವಾಗುವಾಗ ಮ್ಯಾನುಯಲ್ ಮುಚ್ಚಿಸಿ, ಖಾಲಿ ಹಾಳೆಯಲ್ಲಿ ಇವತ್ತಿನ ಹಂತಗಳನ್ನು ಬರೆಸುತ್ತೇನೆ. ಅದರ ಕೆಳಗೆ ಕೆಲವು ವಾರ ಹಿಂದಿನ ಪ್ರಾಕ್ಟಿಕಲ್‌ನಿಂದ ಒಂದು ಪ್ರಶ್ನೆ. ಆಮೇಲೆ ಪುಸ್ತಕ ತೆರೆದು ಅವರೇ ತಿದ್ದಿಕೊಳ್ಳುತ್ತಾರೆ. ಇದಕ್ಕೆ ಮಾರ್ಕ್ಸ್ ಇಲ್ಲ.

ಮಾರ್ಕ್ಸ್ ಅಂದಾಗ ಇನ್ನೊಂದು ಮಾತು. ಸರಿಯಾದ ಅಂಕಿಗೆ ಮಾರ್ಕ್ಸ್ ಕೊಟ್ಟರೆ ನಿಮಗೆ ಸರಿಯಾದ ಅಂಕಿಯೇ ಸಿಗುತ್ತದೆ, ಹತ್ತೂ ಸಲ 0.100! ಬಂದ ಅಂಕಿ ಯಾಕೆ ಹಾಗೆ ಬಂತು ಅಂತ ಬರೆದದ್ದಕ್ಕೆ ಮಾರ್ಕ್ಸ್ ಕೊಡಿ.

ಸಮಯ ಸಾಲದಿದ್ದರೆ ಪ್ರಯೋಗಗಳ ಸಂಖ್ಯೆ ಕಡಿಮೆ ಮಾಡಿ, ಉಳಿದವನ್ನು ಎರಡು ಸಲ ಮಾಡಿಸಿ. ಇಬ್ಬರಿಬ್ಬರ ಜೋಡಿ ಇದ್ದರೆ ಯಾರು ಮಾಡುತ್ತಾರೆ, ಯಾರು ಬರೆಯುತ್ತಾರೆ ಅನ್ನುವುದನ್ನು ಪ್ರತಿ ವಾರ ನೀವೇ ಅದಲು ಬದಲು ಮಾಡಿ. ಅವರ ಪಾಡಿಗೆ ಬಿಟ್ಟರೆ ಧೈರ್ಯ ಇದ್ದವರ ಕೈಯಲ್ಲೇ ವರ್ಷವಿಡೀ ಪಿಪೆಟ್ ಇರುತ್ತದೆ.